30 ವ್ಯಾಟಿನ ಆಕಾಶವಾಣಿ

ಮರಳೂರಿನ ನಮ್ಮ ರೂಮಲ್ಲಿ ಹಳೇ ರೇಡಿಯೋದ ಮುಳ್ಳನ್ನ 612 ಕಿಲೋಹರ್ಟ್ಸ್‌ಗೆ ತಂದರೆ ಬೆಂಗಳೂರು ಆಕಾಶವಾಣಿ ಸಿಗುತ್ತೆ. ಅದರ ಟ್ರಾನ್ಸ್‌ಮಿಟರ್ 200 ಕಿಲೋವ್ಯಾಟಿನದು. ಆದರೆ 'ಆಕಾಶವಾಣಿ' ಅನ್ನೋ ಹೆಸರಲ್ಲಿ ಮೈಸೂರಲ್ಲಿ ಶುರುವಾದ ಕೇಂದ್ರದ ಶಕ್ತಿ ಎಷ್ಟಿತ್ತು ಗೊತ್ತಾ? ಬರೀ 30 ವ್ಯಾಟ್! ನಮ್ಮ ಟೇಬಲ್ ಫ್ಯಾನೇ ಅದಕ್ಕಿಂತ ಜಾಸ್ತಿ ಕರೆಂಟು ತಿನ್ನುತ್ತೆ.

1935ರಲ್ಲಿ ಅದನ್ನು ಶುರುಮಾಡಿದವರು ಮಹಾರಾಜ ಕಾಲೇಜಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ, ಅದೂ ತಮ್ಮ ಮನೆ 'ವಿಠಲ ವಿಹಾರ'ದಲ್ಲಿ. ಅವರು ಪಾಠ ಮಾಡ್ತಿದ್ದದ್ದು ಮನಃಶಾಸ್ತ್ರ. (ಲ್ಯಾಬಲ್ಲಿ ಎಎಂ ಸರ್ಕ್ಯೂಟ್ ಜೋಡಿಸೋಕೇ ಒದ್ದಾಡೋ ನಮಗೆ ಇದನ್ನ ಓದಿ ಸ್ವಲ್ಪ ನಾಚಿಕೆ ಆಯ್ತು.)

ಅಷ್ಟು ಕಡಿಮೆ ಶಕ್ತಿಯಲ್ಲಿ ಹೇಗೆ ಕೇಳಿಸುತ್ತೆ? ರೇಡಿಯೋ ಅಲೆ ದೂರ ಹೋದಷ್ಟೂ ಹರಡಿ ತೆಳುವಾಗುತ್ತೆ. ದೂರ ಎರಡರಷ್ಟಾದರೆ ಸಿಗೋ ಶಕ್ತಿ ಕಾಲು ಭಾಗ. ನೆಲ ಹೀರಿಕೊಳ್ಳೋದು ಬೇರೆ. ಆದರೆ ಶಕ್ತಿಯಷ್ಟೇ ಮುಖ್ಯವಾದದ್ದು ಸುತ್ತಲಿನ ಗದ್ದಲ. ಆಗ ಮೊಬೈಲ್ ಚಾರ್ಜರ್ ಇರಲಿಲ್ಲ, ಎಲ್‌ಇಡಿ ಬಲ್ಬೂ ಇರಲಿಲ್ಲ. ನಮ್ಮ ರೂಮಲ್ಲಿ ಚಾರ್ಜರ್ ಸಿಕ್ಕಿಸಿದ ಕೂಡಲೇ 612 ಗೊರಗೊರ ಅನ್ನುತ್ತೆ, ಕಿತ್ತರೆ ವಾರ್ತೆ ವಾಪಸ್ಸು ಬರುತ್ತೆ. ನೀವೂ ಮಾಡಿ ನೋಡಿ.

ಮುಂದೆ ಗೋಪಾಲಸ್ವಾಮಿಯವರು 250 ವ್ಯಾಟಿನ ಟ್ರಾನ್ಸ್‌ಮಿಟರ್ ತರಿಸಿದರು. 1940ರ ದಶಕದಲ್ಲಿ ಕೇಂದ್ರ ಮೈಸೂರು ಸಂಸ್ಥಾನದ ಕೈಗೆ ಹೋಯಿತು. ಸ್ವಾತಂತ್ರ್ಯ ಬಂದಮೇಲೆ, 1950ರ ದಶಕದಲ್ಲಿ, ಆಲ್ ಇಂಡಿಯಾ ರೇಡಿಯೋ ಕೂಡ 'ಆಕಾಶವಾಣಿ' ಅಂತಲೇ ಹೆಸರಿಟ್ಟುಕೊಂಡಿತು.