ಮೂಳೆ ಒಪ್ಪಿಕೊಂಡ ಲೋಹ

ಬಿದ್ದುಹೋದ ಹಲ್ಲಿನ ಜಾಗದಲ್ಲಿ ದವಡೆಯ ಮೂಳೆಗೇ ತಿರುಪು ಕೂರಿಸಿ, ಅದರ ಮೇಲೆ ಕೃತಕ ಹಲ್ಲು ನಿಲ್ಲಿಸುವ ಚಿಕಿತ್ಸೆ ‘ಇಂಪ್ಲಾಂಟ್’ ಎಂಬ ಹೆಸರಿನಲ್ಲಿ ಈಗ ಜನರ ಮಾತಿಗೂ ಬಂದಿದೆ. ಈ ತಿರುಪು ಬಹುತೇಕ ಟೈಟಾನಿಯಂ ಲೋಹದ್ದು. ಆದರೆ ಆ ಲೋಹಕ್ಕೂ ಮೂಳೆಗೂ ಇರುವ ನಂಟು ಬೆಳಕಿಗೆ ಬಂದದ್ದು ಹಲ್ಲಿನ ಸಂಶೋಧನೆಯಿಂದಲ್ಲ.

1952ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ಯುವ ವೈದ್ಯವಿಜ್ಞಾನಿ, ಮೂಳೆಯ ಮಜ್ಜೆಯಲ್ಲಿ ರಕ್ತ ಹರಿಯುವ ಬಗೆಯನ್ನು ಜೀವಂತ ಪ್ರಾಣಿಯಲ್ಲೇ ಸೂಕ್ಷ್ಮದರ್ಶಕದಿಂದ ನೋಡಬೇಕೆಂದು, ಮೊಲದ ಕಾಲಿನ ಮೂಳೆಗೆ ಪುಟ್ಟ ಲೋಹದ ಗೂಡೊಂದನ್ನು ತಿರುಪಿನಂತೆ ಅಳವಡಿಸಿದರು. ಗೂಡಿಗೆ ಟೈಟಾನಿಯಂ ಒದಗಿದ್ದು, ಸೊಂಟದ ಕೃತಕ ಕೀಲಿಗೆ ಒಗ್ಗುವ ಲೋಹಗಳನ್ನು ಪರೀಕ್ಷಿಸುತ್ತಿದ್ದ ಮೂಳೆವೈದ್ಯ ಹಾನ್ಸ್ ಎಮ್ನೇಯಸ್ ಅವರಿಂದ. ಪ್ರಯೋಗ ಮುಗಿದ ಮೇಲೆ ಗೂಡನ್ನು ಬಿಚ್ಚಹೊರಟರೆ ಅದು ಜಗ್ಗಲಿಲ್ಲ; ತಿರುಪಿನ ಸುತ್ತುಗಳ ಸಂದಿಸಂದಿಗೂ ಮೂಳೆ ಬೆಳೆದು ಲೋಹವನ್ನು ಕಚ್ಚಿ ಹಿಡಿದಿತ್ತು. ಬೆಕ್ಕಿನ ಮೂಳೆಯಲ್ಲಿ ಟೈಟಾನಿಯಂ ಹೀಗೆ ಬೆಸೆದುಕೊಳ್ಳುವುದನ್ನು ಅಮೆರಿಕದ ಸಂಶೋಧಕರು 1940ರಲ್ಲೇ ವರದಿ ಮಾಡಿದ್ದರೂ ಅದು ಚಿಕಿತ್ಸೆಯಾಗಿ ಬೆಳೆದಿರಲಿಲ್ಲ. ಕಂಡದ್ದನ್ನು ಬಿಡದೆ ದಶಕಗಳ ಕಾಲ ಬೆನ್ನುಹತ್ತಿದ್ದೇ ಬ್ರೋನೆಮಾರ್ಕ್ ಅವರ ನಿಜವಾದ ಹಿರಿಮೆ.

ಗಾಳಿ ಸೋಕಿದ ಕೂಡಲೇ ಟೈಟಾನಿಯಂ ಮೈಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ, ಅಂದರೆ ಕೂದಲಿನ ಎಳೆಗಿಂತ ಸಾವಿರಾರು ಪಾಲು ತೆಳುವಾದ ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತದೆ. ಈ ಪದರವೇ ಲೋಹ ಸವೆದು ದೇಹದ ದ್ರವಗಳಲ್ಲಿ ಕರಗದಂತೆ ತಡೆಯುವುದರಿಂದ, ಮೂಳೆ ಕಟ್ಟುವ ಜೀವಕೋಶಗಳು ಅದರ ಮೇಲೆ ನೆಲೆಯೂರಿ ತಮ್ಮ ಕೆಲಸ ಮುಂದುವರಿಸುತ್ತವೆ. ಅದಕ್ಕೆ ಮುನ್ನ ಬಳಸಿದ ಲೋಹಗಳ ಸುತ್ತ ದೇಹ ಸಾಮಾನ್ಯವಾಗಿ ನಾರಿನಂಥ ಪೊರೆ ಹೆಣೆಯುತ್ತಿತ್ತು. ಹಲ್ಲಿನ ಬೇರಿನ ಸುತ್ತಲೂ ಸಹಜವಾಗಿ ಇಂಥದೊಂದು ನಾರು ಇರುವುದರಿಂದ ಆ ಪೊರೆ ಒಳ್ಳೆಯದೆಂದೇ ಅನೇಕ ದಂತವೈದ್ಯರು ಭಾವಿಸಿದ್ದರು. ಮೂಳೆ ನೇರವಾಗಿ ಲೋಹಕ್ಕೆ ಅಂಟುತ್ತದೆಂಬ ಮಾತನ್ನು ಅವರು ಬಹುಕಾಲ ನಂಬದಿರಲು ಇದೂ ಕಾರಣ.

ಗೋಥೆನ್‌ಬರ್ಗ್‌ಗೆ ಬಂದ ಬ್ರೋನೆಮಾರ್ಕ್, ನಾಯಿಗಳ ಮೇಲೆ ಪ್ರಯೋಗಗಳನ್ನು ನಡೆಸಿ, 1965ರಲ್ಲಿ ಮೊದಲ ಬಾರಿಗೆ ಮನುಷ್ಯನ ದವಡೆಗೆ ಟೈಟಾನಿಯಂ ತಿರುಪುಗಳನ್ನು ಕೂರಿಸಿದರು. ಲೋಹದಷ್ಟೇ ಮುಖ್ಯವಾದದ್ದು ಕೈಯ ಹದ. ಮೂಳೆ 47 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಒಂದು ನಿಮಿಷವಿದ್ದರೂ ಹಾನಿಗೊಳ್ಳುತ್ತದೆಂದು ಅದೇ ಊರಿನ ಸಂಶೋಧಕರು ಮುಂದೆ ಮೊಲಗಳಲ್ಲಿ ತೋರಿಸಿಕೊಟ್ಟರು. ಆದ್ದರಿಂದಲೇ ಉಪ್ಪುನೀರಿನ ದ್ರಾವಣ ಹರಿಸುತ್ತಾ ನಿಧಾನವಾಗಿ ರಂಧ್ರ ಕೊರೆಯಬೇಕು. ಬಳಿಕ ಒಸಡು ಹೊಲಿದು ಮುಚ್ಚಿ, ಕೆಳದವಡೆಯಾದರೆ ಸುಮಾರು 3 ತಿಂಗಳು, ಮೇಲ್ದವಡೆಯಾದರೆ 6 ತಿಂಗಳು ತಿರುಪಿನ ಮೇಲೆ ಭಾರ ಬೀಳದಂತೆ ಕಾಯುವುದು ಅವರ ಕ್ರಮವಾಗಿತ್ತು. ಈ ಬೆಸುಗೆಗೆ ಅವರು ಇಟ್ಟ ಹೆಸರು ‘ಆಸಿಯೋಇಂಟಿಗ್ರೇಷನ್’. ಲ್ಯಾಟಿನ್ನಿನಲ್ಲಿ ‘ಆಸ್’ ಎಂದರೆ ಮೂಳೆ.

10 ವರ್ಷಗಳ ಅನುಭವದ ವರದಿ 1977ರಲ್ಲಿ ಪ್ರಕಟವಾಯಿತು. 1982ರಲ್ಲಿ ಕೆನಡಾದ ಟೊರಾಂಟೊದಲ್ಲಿ ಜಾರ್ಜ್ ಜಾರ್ಬ್ ಸೇರಿಸಿದ ಸಮ್ಮೇಳನದಲ್ಲಿ ಉತ್ತರ ಅಮೆರಿಕದ ದಂತವೈದ್ಯರು ಆ ದಾಖಲೆಗಳನ್ನು ಕಣ್ಣಾರೆ ಕಂಡ ಮೇಲೆ ಅನುಮಾನ ಕರಗಿತು. ಲೋಹದ ಮಾತಿಗಿಂತ ರೋಗಿಗಳ ದವಡೆಯೇ ದೊಡ್ಡ ಸಾಕ್ಷಿಯಾಗಿತ್ತು: 1965ರ ಆ ಮೊದಲ ರೋಗಿ 2006ರಲ್ಲಿ ತೀರಿಕೊಂಡಾಗಲೂ ತಿರುಪುಗಳು ಕೂರಿಸಿದ ಜಾಗದಲ್ಲೇ ಕೆಲಸ ಮಾಡುತ್ತಿದ್ದವು.