ಸರಪಳಿ ಊರ ಬಾಗಿಲಲ್ಲೇ ನಿಂತಿತ್ತು

ನಮ್ಮ ಹಳ್ಳಿ ಮನೆಯ ಹಳೇ ಕ್ರಯಪತ್ರದಲ್ಲಿ ಚಕ್ಕುಬಂದಿ ಹೀಗಿದೆ: ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ದಾಯಾದಿಗಳ ಹಿತ್ತಿಲು, ಉತ್ತರಕ್ಕೆ ಹುಣಸೆಮರ, ದಕ್ಷಿಣಕ್ಕೆ ಬಚ್ಚಲ ನೀರಿನ ಮೋರಿ. ಹುಣಸೆಮರ ನಾನು ಹುಟ್ಟುವ ಮೊದಲೇ ಉರುಳಿತ್ತು. ಮೋರಿ ಪ್ರತಿ ಮಳೆಗಾಲಕ್ಕೂ ಗೇಣುದ್ದ ಅತ್ತಲೋ ಇತ್ತಲೋ ಸರಿಯುತ್ತದೆ. ಊರಾಚೆಯ ಹೊಲದ ಕಥೆ ಬೇರೆ. ಅದಕ್ಕೆ ಸರ್ವೆ ನಂಬರಿದೆ, ಟಿಪ್ಪಣಿಯಿದೆ, ಮೂಲೆಗೆ ಬಾಂದುಕಲ್ಲಿದೆ. ರಾಗಿ ಬೆಳೆಯುವ ನೆಲಕ್ಕಿರುವ ಲೆಕ್ಕ ಮನುಷ್ಯ ಮಲಗುವ ನೆಲಕ್ಕೆ ಯಾಕಿಲ್ಲ?

ನೆಲ ಅಳೆಯುವುದು ನಮಗೆ ಹೊಸದೇನಲ್ಲ. ಶಾಸನಗಳಲ್ಲಿ ಮತ್ತರು, ಕಮ್ಮ ಎಂಬ ಲೆಕ್ಕಗಳಿವೆ. ಅಳೆಯುವ ಕೋಲಿಗೆ ಗಳೆ ಎನ್ನುತ್ತಿದ್ದರು. ದತ್ತಿ ಭೂಮಿಯ ಅಂಚಿಗೆ ಲಿಂಗಮುದ್ರೆ, ವಾಮನಮುದ್ರೆಯ ಕಲ್ಲು ನೆಡುತ್ತಿದ್ದರು. ಆದರೆ ರೈತನ ಬಾಯಲ್ಲಿ ಉಳಿದದ್ದು ಬಿತ್ತನೆಯ ಲೆಕ್ಕ: ಇಷ್ಟು ಕೊಳಗದ ಹೊಲ, ಇಷ್ಟು ಖಂಡುಗದ ಗದ್ದೆ. ಬೀಜ ಚೆಲ್ಲದ ಅಂಗಳ ಈ ಲೆಕ್ಕಕ್ಕೂ ಸಿಗುವಂಥದ್ದಲ್ಲ.

ಸರಪಳಿ ಬಂದದ್ದು ಬ್ರಿಟಿಷರ ಕಾಲಕ್ಕೆ. 1830ರ ದಶಕದಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬ ಅಧಿಕಾರಿಗಳು ಪುಣೆ ಕಡೆಯ ಇಂದಾಪುರದಲ್ಲಿ ರೂಢಿಗೆ ತಂದ ಪದ್ಧತಿ ಮುಂಬಯಿ ಪ್ರಾಂತ್ಯದ ನಮ್ಮ ಜಿಲ್ಲೆಗಳಿಗೂ ಹರಡಿತು. ಮೈಸೂರಿನಲ್ಲಿ ಸರ್ವೆ ಇಲಾಖೆ ಶುರುವಾದದ್ದು 1863ರಲ್ಲಿ. ಸರಪಳಿಯ ಉದ್ದ 33 ಅಡಿ, ಅದರಲ್ಲಿ 16 ಆಣೆ. ಸರಪಳಿ ಉದ್ದ, ಸರಪಳಿ ಅಗಲದ ಚೌಕ ಒಂದು ಗುಂಟೆ, ಅಂದರೆ 1,089 ಚದರಡಿ. ಅಂಥ 40 ಚೌಕ ಸೇರಿದರೆ ಒಂದು ಎಕರೆ. (ಇವತ್ತಿನ 30–40 ಸೈಟು ಗುಂಟೆಗಿಂತ 111 ಚದರಡಿ ದೊಡ್ಡದು. ‘ಗುಂಟೆಗೊಂದು ಸೈಟು’ ಎಂದು ಮಾತಿಗೆ ಕುಳಿತವರು ಇದನ್ನು ಲೆಕ್ಕ ಹಾಕುವುದು ಒಳ್ಳೆಯದು.)

ಅಳೆದದ್ದು ಕಂದಾಯ ಕಟ್ಟಲು. ಉಳುವ ನೆಲವನ್ನು ಆಣೆ ಬಿಡದೆ ಅಳೆದವರು ಊರಿನ ಹತ್ತಿರ ಬಂದಾಗ ಹೊರಸುತ್ತನ್ನಷ್ಟೇ ಗುರುತಿಸಿ ‘ಗ್ರಾಮಠಾಣಾ’ ಎಂದು ಬರೆದು ಮುಂದೆ ಹೋದರು. ಒಳಗಿನ ಮನೆಗಳಿಂದ ಭೂಕಂದಾಯ ಹುಟ್ಟುವುದಿಲ್ಲವಲ್ಲ! ಗ್ರಾಮನಕ್ಷೆ ಬಿಡಿಸಿದರೆ ಈಗಲೂ ಕಾಣುತ್ತದೆ: ಸುತ್ತ ನಂಬರು ಹೊತ್ತ ಹೊಲಗಳು, ನಡುವೆ ಊರೆಂಬ ಖಾಲಿ ಜಾಗ.

ಆ ಖಾಲಿಯನ್ನು ತುಂಬಿದ್ದು ಚಕ್ಕುಬಂದಿ. ಅಳತೆಗೂ ಚಕ್ಕುಬಂದಿಗೂ ತಾಳೆಯಾಗದಿದ್ದರೆ ಕೋರ್ಟು ಸಾಮಾನ್ಯವಾಗಿ ಚಕ್ಕುಬಂದಿಯನ್ನೇ ಎತ್ತಿ ಹಿಡಿಯುತ್ತದೆ. ಆದ್ದರಿಂದ ನಿಮ್ಮ ಮನೆ ಎಲ್ಲಿ ಮುಗಿಯುತ್ತದೆ ಎನ್ನುವುದಕ್ಕೆ ಪಕ್ಕದ ಮನೆಯವರೇ ಆಧಾರ. ಹೊಲ ಕಡಿದು ಮಾಡಿದ ರೆವಿನ್ಯೂ ಬಡಾವಣೆಗಳದ್ದೂ ಇದೇ ಪಾಡು. ಹದ್ದುಬಸ್ತಿಗೆ ಅರ್ಜಿ ಹಾಕಿದರೆ ಅಕ್ಕಪಕ್ಕದವರಿಗೆ ನೋಟಿಸು ಹೋಗುತ್ತದೆ, ಸರ್ವೆಯರ್ ಬರುತ್ತಾರೆ, ಮೂಲ ಟಿಪ್ಪಣಿ ಹಿಡಿದು ಸರ್ವೆ ನಂಬರಿನ ಹೊರಗೆರೆ ತೋರಿಸುತ್ತಾರೆ. ಒಳಗೆ ಯಾರೋ ಹಾಳೆಯ ಮೇಲೆ ಗೀಚಿ ಮಾರಿದ ಸೈಟಿನ ಮೂಲೆ ಆ ಟಿಪ್ಪಣಿಯಲ್ಲಿ ಎಲ್ಲಿಂದ ಬರಬೇಕು?

2020ರಲ್ಲಿ ಕೇಂದ್ರ ಸರ್ಕಾರ ಸ್ವಾಮಿತ್ವ ಯೋಜನೆ ತಂದಾಗ, ಸರಪಳಿ ಬಿಟ್ಟುಹೋದ ಈ ಜಾಗದ ಮೇಲೆ ಡ್ರೋನ್ ಹಾರಿತು. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಆಕಾಶದಿಂದ ಎರಡು ಮನೆಗಳ ನಡುವಿನ ಹದ್ದು ಕಾಣುವುದಿಲ್ಲ, ಚಾವಣಿ ಮಾತ್ರ ಕಾಣುತ್ತದೆ. ಹಾಗಾಗಿ ಡ್ರೋನ್ ಏಳುವ ಮೊದಲು ಮನೆಯವರನ್ನು ನಿಲ್ಲಿಸಿಕೊಂಡು, ಅವರು ತೋರಿಸಿದ ಕಡೆ ನೆಲದ ಮೇಲೆ ಸುಣ್ಣದ ಗೆರೆ ಎಳೆಯಬೇಕು. ಚಿತ್ರದಲ್ಲಿ ಮೂಡಿದ ಆ ಬಿಳಿ ಗೆರೆಯೇ ಮುಂದೆ ನಕ್ಷೆಯ ಗೆರೆ.

ನಮ್ಮ ಮೋರಿಯ ಪಕ್ಕಕ್ಕೆ ಇನ್ನೂ ಸುಣ್ಣ ಬಿದ್ದಿಲ್ಲ. ಬಿದ್ದ ದಿನ ಅದು ಮೋರಿಯ ಈಚೆಗೋ ಆಚೆಗೋ ಎಂದು ಹೇಳಲು ಆಚೆ ಮನೆಯ ಅಜ್ಜಿಯನ್ನು ಕರೆಯಲೇಬೇಕು. ಹುಣಸೆಮರವನ್ನು ಕಣ್ಣಾರೆ ಕಂಡವರಲ್ಲಿ ಉಳಿದಿರುವುದೂ ಅವರೊಬ್ಬರೇ.