ಊರೊಟ್ಟಿನ ಸಗಣಿ ಅನಿಲ ಸ್ಥಾವರವೂ ಗ್ರಾಮದ ಮುಖಂಡರ ಕರ್ತವ್ಯವೂ

ಗ್ರಾಮದ ಹಲವು ಮನೆಗಳ ಸಗಣಿಯನ್ನು ಒಂದೆಡೆ ಕೂಡಿಸಿ, ಅದರಿಂದ ಹೊರಡುವ ಅನಿಲದ ಬಲದಿಂದ ದೀಪಗಳನ್ನು ಬೆಳಗಿಸುವುದೂ ಕುಡಿಯುವ ನೀರನ್ನು ಮೇಲಕ್ಕೆತ್ತುವುದೂ ಸಾಧ್ಯವೆಂಬ ಸಂಗತಿಯು ಹೊಸದೇನೂ ಅಲ್ಲ. 2018ನೆಯ ಇಸವಿಯಲ್ಲಿ ಕೇಂದ್ರ ಸರ್ಕಾರದವರು ಸ್ವಚ್ಛ ಭಾರತ ಅಭಿಯಾನದ ಅಂಗವಾಗಿ ಗೋಬರ್ಧನ್ ಯೋಜನೆಯನ್ನು ಆರಂಭಿಸಿದ ತರುವಾಯ ಇಂತಹ ಸ್ಥಾವರಗಳ ಮಾತು ಹಳ್ಳಿಗಳಲ್ಲಿ ಮತ್ತೆ ಕೇಳಿಬರುತ್ತಿದೆ. ಪರಿಸರಕಾರ್ಯದಲ್ಲಿ ತೊಡಗಿರುವ ಸೇವಾಸಂಸ್ಥೆಗಳವರು ಈ ಪ್ರಸ್ತಾಪದೊಡನೆ ಊರಿಗೆ ಬಂದಾಗ ಮೊದಲು ಕಾಣುವುದು ಗ್ರಾಮದ ಮುಖಂಡರನ್ನೂ ಹೆಚ್ಚು ದನಕರುಗಳುಳ್ಳ ಜಮೀನುದಾರರನ್ನೂ. ಆದಕಾರಣ, ಒಪ್ಪಿಗೆ ಕೊಡುವುದಕ್ಕೆ ಮುನ್ನ ಇವರು ಯಾವ ಯಾವ ವಿಷಯಗಳನ್ನು ವಿಚಾರಮಾಡತಕ್ಕದ್ದೆಂಬುದನ್ನು ಇಲ್ಲಿ ವಿವರಿಸಲಾಗಿದೆ. ಸ್ಥಾವರವನ್ನು ಕಟ್ಟುವುದಕ್ಕೆ ಹಣವೂ ಕುಶಲಿಗಳೂ ಹೊರಗಿನಿಂದ ಬರಬಹುದು. ಅದನ್ನು ಪ್ರತಿದಿನವೂ ನಡೆಯಿಸುವ ಏರ್ಪಾಡು ಮಾತ್ರ ಊರಿನೊಳಗೇ ಆಗತಕ್ಕದ್ದು.

ಈ ವಿಷಯದಲ್ಲಿ ನಮಗೆ ದೂರದ ನಿದರ್ಶನವು ಬೇಕಾಗಿಲ್ಲ. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿ ಪುರ ಎಂಬ ಸಣ್ಣ ಗ್ರಾಮವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ಕುಮಾರ್ ಎನ್. ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ಎಂಬ ವಿಭಾಗದವರು, ವಿಜ್ಞಾನವು ಹಳ್ಳಿಗೆ ಹೇಗೆ ಉಪಯೋಗಕ್ಕೆ ಬರಬಹುದೆಂಬುದನ್ನು ಈ ಗ್ರಾಮದಲ್ಲಿ ಬಹುಕಾಲ ಪರೀಕ್ಷಿಸಿ ನೋಡಿದರು. ಊರೊಟ್ಟಿನ ಅನಿಲವನ್ನು ಮೊದಲು ಅಡಿಗೆಯ ಒಲೆಗಳಿಗೆ ಕೊಡುವ ಪ್ರಯತ್ನವು ನಡೆಯಿತು, ಅದು ನಿಲ್ಲಲಿಲ್ಲ. 1987ರಲ್ಲಿ ಅದೇ ಅನಿಲವನ್ನು ಎಂಜಿನಿಗೆ ಕೊಟ್ಟು, ವಿದ್ಯುತ್ತನ್ನು ಪಡೆದು, ಕೊಳವೆಬಾವಿಯ ನೀರನ್ನು ಕೊಳಾಯಿಗಳಿಗೂ ಬೆಳಕನ್ನು ಮನೆಗಳಿಗೂ ಒದಗಿಸುವ ಏರ್ಪಾಡಾಯಿತು. ಇದು ಹಲವು ವರ್ಷಗಳ ಕಾಲ ನಡೆಯಿತು.

ಮೊದಲಿನದು ಏಕೆ ನಿಲ್ಲಲಿಲ್ಲವೆಂಬುದನ್ನು ಸ್ವಲ್ಪ ಲೆಕ್ಕದಿಂದ ತಿಳಿಯಬಹುದು. ಆ ಕಾಲದಲ್ಲಿ ಪುರದಲ್ಲಿ ಸುಮಾರು 460 ಜನರೂ ಸುಮಾರು 250 ದನಗಳೂ ಇದ್ದುವು. ಕಟ್ಟಿಹಾಕಿ ಮೇಯಿಸುವ ದೊಡ್ಡ ದನವು ದಿನಕ್ಕೆ ಸುಮಾರು 10 ಕಿಲೋಗ್ರಾಂ ಸಗಣಿಯನ್ನು ಹಾಕುವುದಾದರೂ, ಬಯಲಿನಲ್ಲಿ ಮೇಯುವ ದನಗಳಿಂದ ಕೊಟ್ಟಿಗೆಯಲ್ಲಿ ದೊರೆಯುವುದು ಅದರ ಅರ್ಧದಷ್ಟೇ. ಹೀಗೆ ಊರಿನಲ್ಲೆಲ್ಲಾ ಕೂಡಿಬರುವುದು ದಿನಕ್ಕೆ ಸುಮಾರು 1250 ಕಿಲೋಗ್ರಾಂ. ಅದರಿಂದ ಹೊರಡುವ ಅನಿಲವು ಸುಮಾರು 42 ಘನಮೀಟರು. ಅಡಿಗೆಗೆಂದರೆ ತಲೆಯೊಂದಕ್ಕೆ ದಿನವೊಂದಕ್ಕೆ ಕಾಲು ಘನಮೀಟರಿಗೆ ಕಡಮೆಯಿಲ್ಲದೆ ಅನಿಲವು ಬೇಕು; 460 ಜನರಿಗೆ 115 ಘನಮೀಟರು. ಇರುವುದು ಇದರ ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಮಾತ್ರ. ಎಲ್ಲರಿಗೂ ಸಾಲದ ಪದಾರ್ಥವನ್ನು ಎಲ್ಲರಿಗೂ ಹಂಚಹೊರಟರೆ ಯಾರಿಗೂ ತೃಪ್ತಿಯಾಗದು. ಆದರೆ ಅಷ್ಟೇ ಅನಿಲವು 5 ಕಿಲೋವಾಟಿನ ಯಂತ್ರವನ್ನು ದಿನಕ್ಕೆ ಕೆಲವು ಗಂಟೆಗಳ ಕಾಲ ನಡೆಯಿಸಿ, ಊರಿಗೆಲ್ಲಾ ಕುಡಿಯುವ ನೀರನ್ನೆತ್ತಲು ಸಾಕು. ಆ ನೀರಿನ ಅಗತ್ಯವನ್ನು ಚೆನ್ನಾಗಿ ಬಲ್ಲವರು ಕೊಡ ಹೊರುವ ಹೆಂಗಸರು. ಆದುದರಿಂದ ಯೋಜನೆಯನ್ನು ಕುರಿತ ಸಭೆಗೆ ಅವರನ್ನು ಕರೆದು ಅಭಿಪ್ರಾಯವನ್ನು ಕೇಳುವುದು ಅತ್ಯವಶ್ಯಕ.

ಇಲ್ಲಿ ಜಮೀನುದಾರರಿಗೆ ಸಹಜವಾಗಿಯೇ ಒಂದು ಸಂದೇಹವು ತೋರುವುದು. "ನಮ್ಮ ಕೊಟ್ಟಿಗೆಯ ಸಗಣಿಯನ್ನು ಊರಿಗೆ ಕೊಟ್ಟರೆ ನಮ್ಮ ಹೊಲಕ್ಕೆ ಗೊಬ್ಬರವೆಲ್ಲಿಂದ?" ಎಂಬುದೇ ಆ ಸಂದೇಹ. ಗಾಳಿಯಾಡದ ಗುಂಡಿಯಲ್ಲಿ ಸಗಣಿಯು ಕೊಳೆಯುವಾಗ ಹೊರಗೆ ಹೋಗುವುದು ಉರಿಯುವ ಮೀಥೇನ್ ಅನಿಲವೂ ಇಂಗಾಲಾಮ್ಲವೂ ಮಾತ್ರ. ಬೆಳೆಗೆ ಬೇಕಾದ ಸಾರಜನಕ, ರಂಜಕ, ಪೊಟ್ಯಾಷ್‌ಗಳು ಬಗ್ಗಡದಲ್ಲಿಯೇ ಉಳಿಯುತ್ತವೆ. ಇದಕ್ಕೆ ಪ್ರತಿಯಾಗಿ, ತೆರೆದ ತಿಪ್ಪೆಯಲ್ಲಿ ಬಿಸಿಲುಮಳೆಗಳಿಗೆ ಸಿಕ್ಕಿದ ಗೊಬ್ಬರವು ತನ್ನ ಸಾರಜನಕದ ಒಂದು ಭಾಗವನ್ನು ಕಳೆದುಕೊಳ್ಳುವುದು. ಬೆರಣಿ ತಟ್ಟಿ ಸುಟ್ಟರಂತೂ ಸಾರಜನಕವು ಹೊಗೆಯೊಡನೆಯೇ ಹೋಗುವುದು. ಪುರದಲ್ಲಿ ಬಗ್ಗಡದ ನೀರನ್ನು ಮರಳಿನ ಪಾತಿಗಳ ಮೂಲಕ ಬಸಿದು, ಉಳಿದ ಗಟ್ಟಿಯನ್ನು ಸಗಣಿ ಕೊಟ್ಟವರಿಗೆ ಅವರವರು ಕೊಟ್ಟ ಪ್ರಮಾಣಕ್ಕನುಸಾರವಾಗಿ ಹಿಂತಿರುಗಿಸುವ ಕ್ರಮವಿತ್ತು. ಈ ಒಂದು ನಿಬಂಧನೆಯಿಲ್ಲದೆ ಯಾವ ಜಮೀನುದಾರರೂ ಒಪ್ಪಂದಕ್ಕೆ ರುಜು ಹಾಕತಕ್ಕದ್ದಲ್ಲ.

ಇದಕ್ಕಿಂತ ಗಹನವಾದುದು ಮತ್ತೊಂದಿದೆ. ಊರಿನಲ್ಲಿ ದನವೂ ಇಲ್ಲದ, ಭೂಮಿಯೂ ಇಲ್ಲದ ಮನೆಗಳು ಉಂಟು. ಆ ಮನೆಗಳ ಹೆಂಗಸರೂ ಮಕ್ಕಳೂ ದಾರಿಯಲ್ಲಿಯೂ ಗೋಮಾಳದಲ್ಲಿಯೂ ಬಿದ್ದ ಸಗಣಿಯನ್ನು ಆಯ್ದು ತಂದು ಬೆರಣಿ ತಟ್ಟಿ ಒಲೆ ಉರಿಸುವುದುಂಟು. ಸ್ಥಾವರವು ಬಂದು ಸಗಣಿಗೆ ಬೆಲೆಯುಂಟಾದೊಡನೆಯೇ, ದನದ ಒಡೆಯರು ಅದನ್ನೂ ತಮ್ಮದೆಂದು ಕಾಯಲು ತೊಡಗಬಹುದು. ಆಗ ಇದ್ದವರ ಮನೆಗೆ ಬೆಳಕು ಬಂದು, ಇಲ್ಲದವರ ಒಲೆ ಆರಿದಂತಾಗುವುದು. ಇದನ್ನು ತಡೆಯುವ ಅಧಿಕಾರವು ಸೇವಾಸಂಸ್ಥೆಯವರಿಗಿಲ್ಲ, ಊರಿನ ಹಿರಿಯರಿಗಿದೆ. ಪುರದಲ್ಲಿ ಸಗಣಿಯನ್ನು ತಂದು ತೂಗಿಸಿದವರಿಗೆ ಕಿಲೋಗ್ರಾಮಿಗೆ ಇಷ್ಟು ಪೈಸೆಯೆಂದು ಕೂಲಿ ಸಲ್ಲುತ್ತಿತ್ತು. ಗೋಮಾಳದ ಸಗಣಿಯು ಆಯ್ದವರಿಗೇ ಸೇರತಕ್ಕದ್ದೆಂದೂ, ಅದರ ಕೂಲಿಯೂ ಬಗ್ಗಡದ ಪಾಲೂ ಅವರದೇ ಎಂದೂ, ಒಲೆಗೆ ಬೇಕಾದಷ್ಟನ್ನು ಇಟ್ಟುಕೊಳ್ಳಲು ಅವರಿಗೆ ಅಡ್ಡಿಯಿಲ್ಲವೆಂದೂ ಕರಾರಿನಲ್ಲಿ ಸ್ಪಷ್ಟವಾಗಿ ಬರೆಯಿಸಬೇಕು. ಕೊಳಾಯಿಗಳನ್ನು ನೆಡುವ ಸ್ಥಳಗಳನ್ನೂ ಮೊದಲೇ ಗೊತ್ತುಮಾಡಿ, ಅವು ಪ್ರತಿಯೊಂದು ಕೇರಿಗೂ ತಲುಪುವಂತೆ ನೋಡಿಕೊಳ್ಳಬೇಕು. ಒಂದು ಕೇರಿಯನ್ನು ಬಿಟ್ಟು ಮಾಡಿದ ಸ್ಥಾವರವನ್ನು ಊರೊಟ್ಟಿನದೆಂದು ಕರೆಯುವುದು ಸರಿಯಲ್ಲ.

ಇನ್ನು ಆಚರಣೆಯ ಕ್ರಮವನ್ನು ಹೇಳುವೆವು.

ಮೊದಲನೆಯದಾಗಿ, ದನಗಳ ಸಂಖ್ಯೆಯನ್ನು ಕಾಗದದಿಂದ ತೆಗೆದುಕೊಂಡು ಸ್ಥಾವರದ ಗಾತ್ರವನ್ನು ನಿಶ್ಚಯಿಸಬಾರದು. ಬೇಸಗೆಯಲ್ಲಿ ಒಂದು ವಾರ, ಮಳೆಗಾಲದಲ್ಲಿ ಒಂದು ವಾರ, ಮನೆ ಮನೆಯ ಸಗಣಿಯನ್ನು ತಕ್ಕಡಿಗೆ ಹಾಕಿ ಬರೆದಿಟ್ಟುಕೊಳ್ಳಬೇಕು. ಕಡಮೆಯಾದ ತೂಕವನ್ನೇ ಆಧಾರವಾಗಿಟ್ಟುಕೊಳ್ಳುವುದು ಕ್ಷೇಮ. ಸಗಣಿಗೆ ಸಮನಾಗಿ ನೀರನ್ನೂ ಬೆರೆಸಬೇಕಾದುದರಿಂದ ನೀರಿನ ಅನುಕೂಲವನ್ನೂ ನೋಡತಕ್ಕದ್ದು.

ಎರಡನೆಯದಾಗಿ, ಎಲ್ಲಾ ಊರಿಗೂ ಊರೊಟ್ಟಿನ ಸ್ಥಾವರವೇ ಒಪ್ಪುವುದಿಲ್ಲ. ಉತ್ತರ ಕನ್ನಡ ಜಿಲ್ಲೆಯ ಶಿರಸಿ ಸೀಮೆಯಲ್ಲಿ ಅಡಿಕೆ ತೋಟಗಾರರ ಮನೆಗಳಲ್ಲಿ ಸಾಕಷ್ಟು ದನಗಳಿದ್ದು, ಕಟ್ಟಿಕೊಟ್ಟವರೇ ಮುಂದಿನ ದುರಸ್ತಿಯ ಹೊಣೆಯನ್ನೂ ಹೊತ್ತದ್ದರಿಂದ, ಒಂಟಿಮನೆಯ ಸ್ಥಾವರಗಳು ಚೆನ್ನಾಗಿ ನಡೆದು ಹೆಸರಾದುವು. ಹೆಚ್ಚು ಮನೆಗಳಲ್ಲಿ ನಾಲ್ಕಾರು ದನಗಳಿದ್ದರೆ ಆ ಮಾರ್ಗವೇ ಲೇಸು. ಕೆಲವರಲ್ಲಿ ಮಾತ್ರ ದನಗಳಿದ್ದು, ಅಗತ್ಯವು ಎಲ್ಲರದೂ ಆಗಿದ್ದಲ್ಲಿ ಊರೊಟ್ಟಿನದು ಪ್ರಯೋಜನಕರ.

ಮೂರನೆಯದಾಗಿ, ಲೆಕ್ಕ. ಪ್ರತಿಯೊಂದು ಮನೆಗೂ ಒಂದು ಸಣ್ಣ ಪುಸ್ತಕವಿರಬೇಕು. ಅದರಲ್ಲಿ ಅಂದಂದು ಕೊಟ್ಟ ಸಗಣಿ, ಪಡೆದ ಬಗ್ಗಡ, ಬಂದ ಕೂಲಿ, ಸಲ್ಲಿಸಿದ ಶುಲ್ಕ ಇವು ನಮೂದಾಗಬೇಕು. ತೂಗುವ ಕೆಲಸವನ್ನು ಮುಖಂಡರ ಬಂಧುಗಳಿಗೆ ವಹಿಸದಿರುವುದೇ ಉತ್ತಮ. ತೂಕದಲ್ಲಿ ಒಮ್ಮೆ ಸಂಶಯವು ಹುಟ್ಟಿತೆಂದರೆ ಸಗಣಿ ಬರುವುದು ನಿಲ್ಲುವುದು. ಸಗಣಿ ನಿಂತರೆ ಕೆಲವೇ ದಿನಗಳಲ್ಲಿ ಅನಿಲವು ಕುಂದಿ, ದೀಪವೂ ನೀರೂ ನಿಲ್ಲುವುವು. ಒಬ್ಬನು ತನ್ನ ಪಾಲನ್ನು ತಪ್ಪಿಸಿ ಉಳಿಸಿಕೊಳ್ಳುವುದು ಅಲ್ಪ. ಊರಿನೊಡನೆ ತಾನೂ ಕಳೆದುಕೊಳ್ಳುವುದು ಬಹಳ. ಪುರದವರನ್ನು ಒಂದುಗೂಡಿಸಿದುದು ಈ ತಿಳಿವಳಿಕೆಯೇ ಎಂದು ರೆಡ್ಡಿಯವರು ಅಭಿಪ್ರಾಯಪಟ್ಟಿದ್ದರು.

ನಾಲ್ಕನೆಯದಾಗಿ, ಊರಿನವರೇ ಆದ ಇಬ್ಬರು ತರುಣರಿಗೆ ಸಂಬಳ ಕೊಟ್ಟು, ಯಂತ್ರವನ್ನು ನಡೆಯಿಸಲು ಕಲಿಸತಕ್ಕದ್ದು. ಕಬ್ಬಿಣದ ಡ್ರಮ್ಮಿಗೆ ವರ್ಷಕ್ಕೊಮ್ಮೆ ಬಣ್ಣ ಬಳಿಯಬೇಕು, ಕೊಳವೆಗಳಲ್ಲಿ ನಿಂತ ನೀರನ್ನು ಆಗಾಗ ಬಸಿಯಬೇಕು, ಅನಿಲವು ಸೋರುವುದೇ ಎಂಬುದನ್ನು ಸಾಬೂನಿನ ನೀರು ಹಚ್ಚಿ ನೋಡಬೇಕು. ದೀಪವನ್ನಾಗಲಿ ಬೆಂಕಿಕಡ್ಡಿಯನ್ನಾಗಲಿ ಹಿಡಿದು ನೋಡಕೂಡದು. ಡೀಸಲ್ ಎಂಜಿನನ್ನೇ ಮಾರ್ಪಡಿಸಿ ಉಪಯೋಗಿಸುವಲ್ಲಿ ಅನಿಲದೊಡನೆ ಸ್ವಲ್ಪ ಡೀಸಲೂ ಬೇಕಾಗುವುದು. ಇದೆಲ್ಲದರ ವೆಚ್ಚವು ತಿಂಗಳ ಶುಲ್ಕದಿಂದ ಹುಟ್ಟಬೇಕಲ್ಲದೆ ದಾನದಿಂದಲ್ಲ. ದುರಸ್ತಿಯ ನಿಧಿಯೊಂದನ್ನು ಪ್ರತ್ಯೇಕವಾಗಿ ಇಡುವುದು ಅವಶ್ಯ.

ಕಡೆಯದಾಗಿ, ಕಾಲವು ಬದಲಾಗಿರುವುದನ್ನು ಮರೆಯಬಾರದು. ಪುರದ ಏರ್ಪಾಡು ಈಗ ನಡೆಯುತ್ತಿಲ್ಲ. ವಿದ್ಯುತ್ತಿನ ತಂತಿಗಳು ಈಗ ಊರೂರಿಗೂ ಬಂದಿರುವುವು. ನೀರಿನ ಯೋಜನೆಗಳೂ ಬಂದಿರುವುವು. ಅಗ್ಗದ ಬೆಳಕೂ ನೀರೂ ಬಾಗಿಲಿಗೆ ಬರುವಲ್ಲಿ ಊರೊಟ್ಟಿನ ಶುಲ್ಕವನ್ನು ಜನರು ಮನಸ್ಸಿಟ್ಟು ಕೊಡಲಾರರು. ಆದುದರಿಂದ ಮತ್ತೊಂದು ಕಡೆಯಿಂದ ಸುಲಭವಾಗಿ ದೊರೆಯುವುದನ್ನೇ ಸ್ಥಾವರದಿಂದಲೂ ಅಪೇಕ್ಷಿಸದೆ, ಶಾಲೆಯ ಬಿಸಿಯೂಟದ ಒಲೆಗೆ ಅನಿಲ, ಹಿಟ್ಟಿನ ಗಿರಣಿ, ಒಳ್ಳೆಯ ಗೊಬ್ಬರ ಇಂತಹ ಕೊರತೆಯಿರುವ ಒಂದು ಕೆಲಸವನ್ನು ಆರಿಸಿಕೊಳ್ಳಬೇಕು.

ಸೇವಾಸಂಸ್ಥೆಯವರು ನಿಮ್ಮ ಗ್ರಾಮಕ್ಕೆ ಬಂದಾಗ ಮುಖಂಡರು ಮೂರು ಪ್ರಶ್ನೆಗಳನ್ನು ಮುಂದಿಡಬಹುದು: ನೀವು ಎಷ್ಟು ವರ್ಷ ನಮ್ಮೊಡನೆ ಇರುವಿರಿ? ಯಂತ್ರವು ಕೆಟ್ಟರೆ ಎಷ್ಟು ದಿನಗಳಲ್ಲಿ ಯಾರು ಬರುವರು? ನೀವು ಹೋದ ಬಳಿಕ ಲೆಕ್ಕದ ಪುಸ್ತಕವು ಯಾರ ಕೈಯಲ್ಲಿರುವುದು? ಇವಕ್ಕೆ ಬರಹದ ಮೂಲಕ ಉತ್ತರವು ದೊರೆತು, ಗ್ರಾಮಸಭೆಯಲ್ಲಿ ಎಲ್ಲಾ ಕೇರಿಗಳವರ ಎದುರಿಗೆ ಅದನ್ನು ಓದಿಸಿದ ಮೇಲೆ ಕೆಲಸಕ್ಕೆ ಕೈಹಾಕುವುದು ವಿಹಿತ. ಬಗ್ಗಡವನ್ನು ಬೆಳೆಗಳಿಗೆ ಉಪಯೋಗಿಸುವ ಕ್ರಮವನ್ನು ತಿಳಿಯಬಯಸುವವರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿಕೊಳ್ಳಬಹುದು.